ಹುಬ್ಬಳ್ಳಿಗೆ ಕಳಿಸಿದ ಬಾಸು

ಮನುಷ್ಯ ಈ ಲೋಕಕ್ಕೆ ಬರುವಾಗ ಏನನ್ನೂ ತರುವುದಿಲ್ಲ, ಹೋಗುವಾಗ ಏನನ್ನೂ ಒಯ್ಯುವುದಿಲ್ಲ. ಇದನ್ನು ಮೊದಲು ಹೇಳಿದ ಮಹನೀಯರು ಪುಣ್ಯವಂತರು. ಈ ಎರಡರ ನಡುವೆ ಅವರಿಗೆ ಯಾರ ಸಾಮಾನನ್ನೂ ಲಾರಿ ಪಾರ್ಸೆಲ್ಲಿಗೆ ಹಾಕುವ ಪ್ರಸಂಗ ಬಂದಿರಲಾರದು. ನನಗೆ ಬಂತು.

ಸಾಮಾನು ನನ್ನ ತಮ್ಮನ ಬಾಸು. ಮದುವೆಯ ಬ್ಯಾಂಡ್‌ಸೆಟ್ಟಿನಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವವನು ಅಪ್ಪಿಕೊಂಡು ಊದುತ್ತಾನಲ್ಲ, ಆ ಹಿತ್ತಾಳೆಯ ಮಹಾಕಾಯ. ಸುರುಳಿ ಸುತ್ತಿದ ದಪ್ಪ ಕೊಳವೆ, ನಡುವೆ ಬೆರಳಿಗೆ ಮೂರು ಗುಂಡಿ, ಮೇಲಕ್ಕೆ ತೆರೆದುಕೊಂಡ ಮೊರದಗಲದ ಬಾಯಿ. ಮೆರವಣಿಗೆಯಲ್ಲಿ ಅದರ ದನಿಯನ್ನು ಯಾರೂ ಬೇರೆಯಾಗಿ ಕೇಳಿಸಿಕೊಳ್ಳುವುದಿಲ್ಲ. ಅದು ನಿಂತರೆ ಮಾತ್ರ, ಇದೇನು ಬ್ಯಾಂಡು ಸೊರಗಿತಲ್ಲ ಎಂದು ಬೀಗರೂ ತಿರುಗಿ ನೋಡುತ್ತಾರೆ. ನನ್ನ ತಮ್ಮ ಅರಸೀಕೆರೆಯ ಸುತ್ತಮುತ್ತ ಇಪ್ಪತ್ತೈದು ವರ್ಷ ಅದನ್ನು ಊದಿದ. ಆಮೇಲೆ ಡಿಜೆ ಬಂತು. ಒಂದು ಟೆಂಪೋದಲ್ಲಿ ನಾಲ್ಕು ಪೆಟ್ಟಿಗೆ ಹೇರಿಕೊಂಡು ಬಂದವರ ಮುಂದೆ ಹದಿನಾಲ್ಕು ಜನರ ಉಸಿರು ನಿಲ್ಲಲಿಲ್ಲ. ಬ್ಯಾಂಡು ಮುಚ್ಚಿದ ದಿನ ಮಾಲೀಕರು ಬಾಸನ್ನು ತಮ್ಮನಿಗೇ ಬಿಟ್ಟುಕೊಟ್ಟರು. ಉದಾರ ಮನಸ್ಸಿನವರು, ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

ಮೂರು ವರ್ಷ ಅವನು ಮನೆಯಲ್ಲಿ ಕೂತ. ಐವತ್ತು ದಾಟಿದ ಬಾಸಿನವನಿಗೆ ಈ ದೇಶದಲ್ಲಿ ಬೇರೆ ಕೆಲಸ ಇಲ್ಲ. ಪ್ರತಿದಿನ ಬೆಳಗ್ಗೆ ಹಿತ್ತಲಿಗೆ ಹೋಗಿ ಅರ್ಧ ಗಂಟೆ ಊದಿ, ಒರೆಸಿ, ಹಳೇ ಸೀರೆ ಸುತ್ತಿಟ್ಟು, ಆಮೇಲೆ ದಿನವಿಡೀ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹಾಗಿರುವಾಗ ಹುಬ್ಬಳ್ಳಿಯ ಒಂದು ಬ್ಯಾಂಡಿನಿಂದ ಕರೆ ಬಂತು. ಅವರ ಬಾಸಿನವರು ತೀರಿಕೊಂಡಿದ್ದರು, ಬಾಸನ್ನು ಅವರ ಮನೆಯವರು ಕೊಡಲೊಲ್ಲರು. ಸ್ವಂತ ಬಾಸು ಇದ್ದರೆ ಜಾಗ ನಿನ್ನದು, ಮುಹೂರ್ತಗಳು ಶುರುವಾಗುವುದರೊಳಗೆ ಬಾಸು ಇಲ್ಲಿರಬೇಕು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಆ ಹೊತ್ತಿಗೆ ಬಾಸು ಗುಂಡಿ ಸಡಿಲವಾಗಿ ಬೇಲೂರಿನಲ್ಲಿ ರಿಪೇರಿಗೆ ಕೂತಿತ್ತು. ಹಾಡುಗಳನ್ನು ಕಲಿತುಕೊಳ್ಳಬೇಕೆಂದು ತಮ್ಮ ಮುಂಚೆಯೇ ಹೊರಟ. ಬಾಸು ಕಳಿಸುವ ಜವಾಬ್ದಾರಿ ನನ್ನದಾಯಿತು.

ನನಗೆ ಒಪ್ಪಿಸಿದ್ದರಲ್ಲಿ ಅನ್ಯಾಯವೇನಿಲ್ಲ. ನಾನು ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಚೀಲ ಕಟ್ಟಿಸಿದವನು. ನಾನು ನಿಂತು ಹೊಲಿಸಿದ ಚೀಲ ದಿಲ್ಲಿಗೆ ಹೋಗಿ ಇಳಿದರೂ ಒಂದು ಗಿಟುಕು ಹೊರಗೆ ಇಣುಕಿದ್ದಿಲ್ಲ. ಈ ವಿಷಯವನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೆನೆಂದರೆ, ತಮ್ಮನಿಗೆ ಬೇರೆ ಯಾರನ್ನಾದರೂ ಕೇಳುವ ಧೈರ್ಯವೇ ಇರಲಿಲ್ಲ.

ಬೇಲೂರಿನ ರಿಪೇರಿಯವರು ಪಾತ್ರೆಗೆ ಕಲಾಯಿ ಹಾಕುವ ಮುದುಕರು. ಬಾಸನ್ನು ನನ್ನ ಕೈಗೆ ಕೊಡುವ ಮುಂಚೆ ಮೇಲಿಂದ ಕೆಳಗೆ ನನ್ನನ್ನು ನೋಡಿದರು.

"ಊದೋರು ತಾವೇನಾ?"

"ಅಲ್ಲ, ಅವನ ಅಣ್ಣ. ಪ್ಯಾಕ್ ಮಾಡಿ ಕಳಿಸ್ತೀನಿ."

"ಹಂಗಾದ್ರೆ ಕೇಳಿ ಸ್ವಾಮಿ. ಹೊರಗೆ ಬಿದ್ದ ಏಟನ್ನ ಒಳಗಿಂದ ಎತ್ತಬೋದು. ಒಳಗೇ ಏಟು ಬಿತ್ತೋ, ನಾನಲ್ಲ, ನಮ್ಮಪ್ಪ ಎದ್ದು ಬಂದ್ರೂ ಆಗಕಿಲ್ಲ. ಇದರ ಹೊಟ್ಟೆಗೆ ಗಾಳಿ ಬಿಟ್ಟು ಇನ್ನೇನೂ ಹೋಗ್ಬಾರ್ದು."

ನಾನು ತಲೆಯಾಡಿಸಿದೆ. ಅನುಭವಸ್ಥರಿಗೆ ಬುದ್ಧಿ ಹೇಳುವವರ ಮುಂದೆ ಆಡಿಸುವಂತೆ ಆಡಿಸಿದೆ.

ಬಸ್ಸಿನಲ್ಲಿ ಅದಕ್ಕೆ ಕಿಟಕಿ ಪಕ್ಕದ ಸೀಟು ಕೊಟ್ಟು ಕೆಂಪು ಸೀರೆ ಸುತ್ತಿ ಕೂರಿಸಿದ್ದೆ. ಹಳೇಬೀಡಿನಲ್ಲಿ ಹತ್ತಿದ ಒಬ್ಬ ಹೆಂಗಸು ಮೊದಲು ಅದಕ್ಕೆ ಕೈ ಮುಗಿದು, ಆಮೇಲೆ "ಯಾವ ದೇವ್ರು ಸ್ವಾಮಿ?" ಎಂದರು.

"ದೇವ್ರಲ್ಲ ತಾಯಿ. ಬ್ಯಾಂಡಿನೋರು ಊದೋದು."

ಮುಗಿದ ಕೈಯನ್ನು ಅವರು ತಕ್ಷಣ ಸೊಂಟಕ್ಕೆ ಇಟ್ಟುಕೊಂಡರು. "ಚೆನ್ನಾಗೈತೆ ಕಣ್ರೀ ಕಾಲ! ಮನುಷ್ರು ನಿಂತವ್ರೆ, ಹಿತ್ತಾಳೆ ಕೂತೈತೆ."

ಜಾವಗಲ್ಲಿನವರೆಗೂ ಬಸ್ಸು ನಕ್ಕಿತು. ನಾನು ಎದ್ದು ಅವರಿಗೆ ಜಾಗ ಕೊಟ್ಟೆ, ಹಿತ್ತಾಳೆಯನ್ನು ಎಬ್ಬಿಸಲಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ನಾನು ಮಾಡಿದ ಕೆಲಸವನ್ನು ಕೆಲಸ ಎನ್ನುವುದು ಕಡಿಮೆಯಾದೀತು. ಅಳತೆ ತೆಗೆದು ಹಲಗೆಯ ಪೆಟ್ಟಿಗೆ ಹೊಡೆಸಿದೆ. ತಳಕ್ಕೆ ಒಂದು ಗೇಣು ತೆಂಗಿನ ನಾರು. ಬಾಸಿಗೆ ಮೊದಲು ಸೀರೆ, ಅದರ ಮೇಲೆ ರಗ್ಗು, ಅದರ ಮೇಲೆ ಗೋಣಿ. ಗುಂಡಿಗಳು ಒತ್ತಿಕೊಳ್ಳದಂತೆ ಸುತ್ತ ಹತ್ತಿಯ ಸಣ್ಣ ದಿಂಬು. ಬಾಯಿಟ್ಟು ಊದುವ ತುದಿಯನ್ನು ಬಿಚ್ಚಿ ಬೇರೆ ಡಬ್ಬಿಗೆ ಹಾಕಿದೆ. ಪೆಟ್ಟಿಗೆಯ ಯಾವ ಗೋಡೆಗೂ ಬಾಸಿನ ಮೈ ತಾಗದಂತೆ ನಾಲ್ಕೂ ಕಡೆ ನಾರು ತುರುಕಿದೆ. ತಮ್ಮ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದ.

"ಅಣ್ಣ, ಬಾಯೊಳಗೆ ಮೆತ್ತಗಿರೋ ಬಟ್ಟೆ ತುಂಬು, ಅಷ್ಟೆ. ಇನ್ನೇನೂ ಇಡ್ಬೇಡ ಕಣಣ್ಣ."

"ಲೇ, ನಾನು ಕೊಬ್ಬರಿ ಕಳಿಸೋವಾಗ ನೀನು ಇನ್ನೂ ಪೀಪಿ ಊದ್ತಿದ್ದೆ ಕಣ್ಲಾ. ಫೋನ್ ಇಡು."

ಮುಚ್ಚಳ ಜಡಿಯುವ ಮುಂಚೆ ಅಮ್ಮ ಬಂದಳು. ಎಂಬತ್ತೆರಡು ವರ್ಷ, ಕಣ್ಣು ಮಂಜು, ವ್ಯವಹಾರ ಮಾತ್ರ ಸ್ಪಷ್ಟ. ಒಂದು ಕೈಯಲ್ಲಿ ಜುಟ್ಟು ಬಿಟ್ಟ ತೆಂಗಿನಕಾಯಿ.

"ಇದ್ನ ಅದರ ಬಾಯಿಗೆ ಹಾಕು."

"ಯಾಕಮ್ಮ?"

"ಪಾತ್ರೇನ ಬರಿದಾಗಿ ಯಾರ ಮನೆಗಾದ್ರೂ ಕಳಿಸ್ತಾರೇನೋ? ಮಜ್ಜಿಗೆ ತಂದ ಚೆಂಬನ್ನೂ ನಾನು ಬರಿದಾಗಿ ವಾಪಸ್ ಕೊಟ್ಟೋಳಲ್ಲ."

"ಅಮ್ಮ, ಇದು ಪಾತ್ರೆ ಅಲ್ಲ."

"ಹಿತ್ತಾಳೆ ಹೌದೋ ಅಲ್ವೋ?"

"ಹೌದು."

"ಬಾಯೈತೆ, ಹೊಟ್ಟೈತೆ. ಪಾತ್ರೆ ಅನ್ನೋಕೆ ಇನ್ನೇನು ಬೇಕು ನಿಂಗೆ? ಮೊದಲ್ನೇ ಸಲ ಪರಸ್ಥಳದ ಕೆಲಸಕ್ಕೆ ಹೋಗವ್ನೆ. ಬರಿದು ಕಳಿಸಿದ್ರೆ ಬರಿದಾಗೇ ಬತ್ತದೆ."

ತಾಯಿಯ ಮಾತು ಮೀರಲಾಗದೆ ಇಟ್ಟೆ ಎಂದು ಬರೆದರೆ ಓದಲು ಹಿತವಾಗಿರುತ್ತದೆ. ಹಾಗೇನೂ ಆಗಲಿಲ್ಲ. ನಾನು ಅವಳ ಮಾತನ್ನು ದಿನಕ್ಕೆ ಹತ್ತು ಸಲ ಮೀರುವವನು. ಆದರೆ ಆ ಮಾತು ನನಗೂ ಸರಿಯೆಂದೇ ಕಂಡಿತು. ನಮ್ಮ ಮನೆಯಿಂದ ಖಾಲಿ ಡಬ್ಬಿಯೊಂದು ಹೊಸ್ತಿಲು ದಾಟಿದ್ದನ್ನು ನಾನೂ ನೋಡಿದವನಲ್ಲ. ಸಕ್ಕರೆಯಾದರೂ ಒಂದು ಹಿಡಿ ಇರುತ್ತಿತ್ತು. ಜೊತೆಗೆ ಮೂವತ್ತು ವರ್ಷದ ಅನುಭವ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಂಠಕ್ಕೆ ಕೂರಿಸಿದರೆ ಕಾಯಿ ಎಲ್ಲಿಗೆ ಹೋದೀತು? ಸುತ್ತಿದೆ, ಕೂರಿಸಿದೆ, ಅಲುಗಾಡಿಸಿ ನೋಡಿದೆ. ಅಲುಗಲಿಲ್ಲ. ಬರೀ ಕಾಯಿ ಕಳಿಸುವುದೂ ಶುಭವಲ್ಲವೆಂದು ನೆನಪಾಗಿ, ಒಳಗೆ ಹೋಗಿ ಒಂದಚ್ಚು ಬೆಲ್ಲ ತಂದು ಅದರ ಪಕ್ಕ ಇಟ್ಟೆ. ಬೆಲ್ಲವನ್ನು ಅಮ್ಮ ಹೇಳಿರಲಿಲ್ಲ. ಆ ಸೇರ್ಪಡೆ ನನ್ನದು.

ಪೆಟ್ಟಿಗೆಯ ನಾಲ್ಕೂ ಬದಿಗೆ ಮೇಲ್ಮುಖವಾಗಿ ಕೆಂಪು ಬಾಣ ಬರೆದೆ. 'ಈ ಕಡೆ ಮೇಲೆ' ಎಂದು ಮೂರು ಭಾಷೆಗಳಲ್ಲಿ ಬರೆದೆ. ಲಾರಿ ಆಫೀಸಿನ ಗುಮಾಸ್ತ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಯಜಮಾನ್ರೇ, ಒಳಗೇನು? ಬಾಂಬ್ ಗೀಂಬ್ ಅಲ್ಲ ತಾನೆ?"

"ವಾದ್ಯ ಕಣಯ್ಯ. ಉಲ್ಟಾ ಇಟ್ರೆ ನೋಡು ಮತ್ತೆ."

"ನಿಮ್ಮಾಣೆ ಇಡಲ್ಲ. ಇಷ್ಟು ಬಾಣ ಹೊಡ್ಸಿಕೊಂಡ ಮೇಲೂ ಉಲ್ಟಾ ಇಡೋಕಾಗ್ತದಾ?"

ಅವನು ಮಾತು ಉಳಿಸಿಕೊಂಡ. ಅದೇ ದುರ್ದೈವ. ನನ್ನ ಅನುಭವದಲ್ಲಿ ಲಾರಿಯವರು ಬಾಣದ ಗುರುತನ್ನು ಗೌರವಿಸಿದ್ದು ಅದೊಂದೇ ಸಲ. ಪೆಟ್ಟಿಗೆ ನಡುವೆ ಎಲ್ಲೋ ಲಾರಿ ಬದಲಿಸಲು ಕಾದು ಕೂತು ಹುಬ್ಬಳ್ಳಿಗೆ ತಲುಪಲು ಒಂಬತ್ತು ದಿನವಾಯಿತು. ಒಂಬತ್ತು ದಿನವೂ ಅದು ನೆಟ್ಟಗೆ, ಬಾಯಿ ಆಕಾಶಕ್ಕೆ ಮಾಡಿ, ನಾನು ಬರೆದಂತೆಯೇ ನಿಂತಿತ್ತು. ಕುಲುಕಾಟಕ್ಕೆ ಕಾಯಿ ಬಟ್ಟೆಯಿಂದ ಜಾರಿ ಕಂಠದಲ್ಲಿ ಬಡಿದಾಡಿ ಒಡೆಯಿತು. ಕಾಯಿನೀರಿಗೆ ಬೆಲ್ಲ ಕರಗಿತು. ಉಲ್ಟಾ ಇಟ್ಟಿದ್ದರೆ ಎಲ್ಲ ಹೊರಗೆ ಸುರಿದು ನಾರಿಗೆ ಹೋಗುತ್ತಿತ್ತು. ನೆಟ್ಟಗಿದ್ದದ್ದರಿಂದ ಪಾಕವೆಲ್ಲ ಸುರುಳಿ ಸುರುಳಿ ಇಳಿದು ಗುಂಡಿಗಳಿಗೆ ಹೋಗಿ ಸೇರಿತು.

ತಮ್ಮ ಆ ಪೆಟ್ಟಿಗೆ ತೆರೆದದ್ದು ಬ್ಯಾಂಡಿನ ಮಾಲೀಕರ ಎದುರಿಗೆ, ಅವರ ಹದಿನಾರು ಜನರ ಎದುರಿಗೆ. ಹೊರಗೆ ಒಂದು ಗೀರಿಲ್ಲ. ಎಂಥಾ ಪ್ಯಾಕಿಂಗು, ನಿಮ್ಮಣ್ಣ ಭಾರೀ ಕಸುಬುದಾರ ಎಂದು ಅವರು ಹೇಳಿದರಂತೆ. ಆಮೇಲೆ ಬಟ್ಟೆ ಎಳೆದರಂತೆ. ಕೊಳೆತ ಕಾಯಿಯ ವಾಸನೆಗೆ ಮೊದಲು ಹಿಂದೆ ಸರಿದವನು ಡೋಲಿನವನಂತೆ.

ಸಂಜೆ ಫೋನು ಬಂತು. ತಮ್ಮ ಕೂಗಾಡಲಿಲ್ಲ.

"ಅಣ್ಣ, ಕಾಯಿ ಇಟ್ಟೋರು ಯಾರು?"

"ಅಮ್ಮ" ಎಂದೆ.



"ಬೆಲ್ಲ?"

"ಅದನ್ನೂ ಅಮ್ಮನೇ."

"ಹೋಗ್ಲಿ ಬಿಡು. ವಯಸ್ಸಾದೋರು. ಅವ್ಳಿಗೆ ಏನೂ ಹೇಳ್ಬೇಡ."

ಅರವತ್ತೆರಡು ವರ್ಷದ ನಾನು, ಮೂವತ್ತು ವರ್ಷದ ಅನುಭವಸ್ಥ, ಎಂಬತ್ತೆರಡು ವರ್ಷದ ಮುದುಕಿಯ ಹಿಂದೆ ಅಡಗಿ ಕೂತೆ. ಅವಳ ಸೆರಗು ಅದಕ್ಕೆ ಸಾಲುವಷ್ಟು ಅಗಲವಿತ್ತು. ತಮ್ಮ ಅಷ್ಟು ಸುಲಭವಾಗಿ ಅವಳನ್ನು ಕ್ಷಮಿಸಿದ್ದನ್ನು ಕೇಳಿ ನನಗೆ ಹೊಟ್ಟೆಕಿಚ್ಚೂ ಆಯಿತು. ನನ್ನನ್ನು ಹಾಗೆ ಕ್ಷಮಿಸುತ್ತಿರಲಿಲ್ಲ ಎಂದು ಗೊತ್ತಿದ್ದೇ ನಾನು ಅವಳ ಹೆಸರು ಹೇಳಿದ್ದು.

ಫೋನು ಇಟ್ಟ ಮೇಲೆ ಅಮ್ಮ ಒಳಗಿನಿಂದ ಕೂಗಿದಳು: "ಏನಂತೋ? ತಲುಪ್ತಂತಾ?"

"ತಲುಪ್ತಂತೆ."

"ಕಾಯಿ ಒಡೆದ್ರಂತಾ?"

"ಒಡೀತಂತೆ."

"ಎಲ್ರಿಗೂ ಹಂಚಿದ್ನಾ? ಅವ್ನು ಸಂಕೋಚದೋನು, ಹಂಚಿರಕಿಲ್ಲ."

"ಹಂಚಿದ್ನಂತೆ. ಎಲ್ರೂ ನೋಡಿದ್ರಂತೆ."

ಅವಳು ತೃಪ್ತಿಯಿಂದ ಎರಡನೇ ಸಲ ಕಾಫಿ ಕೇಳಿದಳು.

ಹುಬ್ಬಳ್ಳಿಯ ರಿಪೇರಿಯವರು ಗುಂಡಿಗಳನ್ನು ಬಿಚ್ಚಲು ಹೋಗಿ ಒಂದನ್ನು ಮುರಿದರು. ಉಳಿದ ಎರಡು ಕಿಲುಬು ಹಿಡಿದು ಅಲುಗಲೇ ಇಲ್ಲ. ಕಂಠದ ಒಳಗೆ ಮೂರು ಕಡೆ ಉಬ್ಬು ಎದ್ದಿತ್ತು. ಮೊದಲ ಮುಹೂರ್ತದ ಮೆರವಣಿಗೆಗೆ ಬ್ಯಾಂಡಿನವರು ಗದಗಿನಿಂದ ಬಾಸಿನ ಸಮೇತ ಒಬ್ಬನನ್ನು ಕರೆಸಿದರು. ಅವನನ್ನೇ ಇಟ್ಟುಕೊಂಡರು. ನನ್ನ ತಮ್ಮ ಬಾಸನ್ನು ಅಲ್ಲಿಯೇ ಬಿಟ್ಟು ರೈಲಿನಲ್ಲಿ ಬಂದ.

ಈಗ ಅವನು ಜಾವಗಲ್ಲಿನ ಒಂದು ಶಾಮಿಯಾನ ಅಂಗಡಿಯಲ್ಲಿ ಕುರ್ಚಿ ಇಳಿಸುವ ಕೆಲಸ ಮಾಡುತ್ತಾನೆ.