ಕಾರ್ಡಿನ ಮೇಲಿನ ಕೆಂಪು ಸಾಲು

ಮಂಗಳವಾರ ಬಂತೆಂದರೆ ನನಗೆ ಬೆಳಗ್ಗೆಯೇ ತಲೆ ಕೆಡುತ್ತಿತ್ತು. ಅದು ನಾನು ನರ್ಸಾಗಿರುವ ಮಿಷನ್ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ದಿನ. ಹರಪನಹಳ್ಳಿಯಿಂದ ಬರುವ ಡಾಕ್ಟರು ಹನ್ನೊಂದಕ್ಕೆ ಮೊದಲು ಮುಖ ತೋರಿಸುವುದಿಲ್ಲ. ಹಡಗಲಿ ಸುತ್ತಲ ಹಳ್ಳಿಯವರು ಎಂಟಕ್ಕೇ ವರಾಂಡ ತುಂಬಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಬಾಯಿ ಬಡಕೊಂಡರೂ ಅರ್ಧ ಜನ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೇ ಬರುತ್ತಾರೆ. ಕೇಳಿದರೆ ಏನೂ ಉಂಡಿಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಮಂಡಕ್ಕಿ ಊಟವಲ್ಲ. ವರ್ಷಗಟ್ಟಲೆ ಇದನ್ನೇ ಕೇಳಿ ಕೇಳಿ, ಯಾರು ಏನು ಹೇಳಿದರೂ ಮೊದಲು ಸುಳ್ಳೆಂದೇ ಹಿಡಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಆ ಸಾಲಿನಲ್ಲಿ ಮಲ್ಲಿಗೆ ತೋಟದ ಹೆಂಗಸೊಬ್ಬಳು ಬರುತ್ತಿದ್ದಳು. ಐವತ್ತು ದಾಟಿದ ವಯಸ್ಸು. ನಸುಕಿನಲ್ಲಿ ಮೊಗ್ಗು ಬಿಡಿಸಿ, ಪಕ್ಕದ ಮನೆಯ ಹೂವಿನ ಏಜೆಂಟನಿಗೆ ತೂಗಿ ಕೊಟ್ಟು ಬಸ್ಸು ಹತ್ತುವಳು. ಎಡಗಾಲಿನ ಹೆಬ್ಬೆರಳಲ್ಲಿ ವಾಸಿಯಾಗದ ಗಾಯ. ದೇವರಿಗೆ ಏರುವ ಹೂವೆಂದು ಚಪ್ಪಲಿಯನ್ನು ಬದುವಿನ ಮೇಲೇ ಬಿಟ್ಟು ಗಿಡಗಳ ಸಾಲಿಗೆ ಇಳಿಯುವಳು. ಬೈದೆ, ರಮಿಸಿದೆ, ಮಿಷನ್ನಿಗೆ ಬಂದ ಮೆತ್ತನೆಯ ಚಪ್ಪಲಿ ಕೊಟ್ಟೆ. ಅದನ್ನು ಆಕೆ ಆಸ್ಪತ್ರೆಗೆ ಬರುವಾಗ ಮಾತ್ರ ಮೆಟ್ಟುತ್ತಿದ್ದಳು.

ಬೇಸಿಗೆಯಲ್ಲಿ ಮಾತ್ರೆ ಸಾಲದೆ ಡಾಕ್ಟರು ಇನ್ಸುಲಿನ್ ಬರೆದರು. ಚುಚ್ಚಿಕೊಳ್ಳುವುದನ್ನು ನಾನೇ ಕಲಿಸಿದೆ. ಮೊಗ್ಗು ಬಿಡಿಸುವ ಬೆರಳುಗಳಲ್ಲವೇ, ಎರಡೇ ದಿನಕ್ಕೆ ಸೂಜಿ ಅವಳ ಮಾತು ಕೇಳತೊಡಗಿತು. ಆದರೆ ಸಕ್ಕರೆ ಮಾತ್ರ ಇಳಿಯಲಿಲ್ಲ. ಡಾಕ್ಟರು ಪ್ರಮಾಣ ಏರಿಸಿದರು, ಮತ್ತೆ ಏರಿಸಿದರು. ಸಕ್ಕರೆಯೂ ಏರಿತು. ಬೆರಳು ಊದಿ ಬಣ್ಣಗೆಟ್ಟಿತು.

ನಾನು ರೇಗಿದೆ. ಮದುವೆ, ತೊಟ್ಟಿಲು, ಸೀಮಂತ ಎಂದು ಎಲ್ಲೆಲ್ಲಿ ಹೋಳಿಗೆ ತಿಂದು ಬಂದೆ ಹೇಳು ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗಾಡಿದೆ. ಮೊಮ್ಮಗಳ ತೊಟ್ಟಿಲ ದಿನವೂ ಬರೀ ಜೋಳದ ರೊಟ್ಟಿ ತಿಂದೆ ಎಂದಳು. ಹೊರಗೆ ಕೂತವರು ಕಿಸಕ್ಕೆಂದರು. ನನಗೆ ಇನ್ನಷ್ಟು ಉರಿಯಿತು. ಆಕೆಯ ಕಾರ್ಡು ಎಳೆದುಕೊಂಡು ಕೆಂಪು ಶಾಯಿಯಲ್ಲಿ ಬರೆದೆ: ಪಥ್ಯ ಮಾಡುತ್ತಿಲ್ಲ, ಸುಳ್ಳು ಹೇಳುತ್ತಾಳೆ. ಹಾಗೆ ಬರೆಯುವುದು ನರ್ಸಿನ ಕೆಲಸವಲ್ಲ. ಬರೆದಾಗ ಹಾಯೆನಿಸಿತ್ತು, ಅದೂ ನಿಜ.

ಶ್ರಾವಣದ ಹೊತ್ತಿಗೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು, ಹತ್ತು ದಿನದಲ್ಲಿ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಲೇಬೇಕು, ದಾವಣಗೆರೆಗೆ ಕಳಿಸಿ ಎಂದು. ಬೆರಳು ಉಳಿಸುವ ಆಸೆಗೋ, ನನ್ನ ಹಟಕ್ಕೋ, ರಜೆಯ ದಿನ ಹೇಳದೆ ಕೇಳದೆ ಆಕೆಯ ಮನೆಗೆ ಹೋದೆ. ಕಳ್ಳತನ ಹಿಡಿಯಲೆಂದೇ ಹೋದದ್ದು. ನಾಚಿಕೆಯಿಲ್ಲದೆ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದೆ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಬುಟ್ಟಿಯಲ್ಲಿ ರೊಟ್ಟಿ. ಚಹಾಕ್ಕೆಂದು ಒಂದು ಚೂರು ಬೆಲ್ಲವೂ ಇರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಹಾಗಾದರೆ ಚುಚ್ಚುವುದರಲ್ಲೇ ಏನೋ ತಪ್ಪಿದೆ ಎಂದುಕೊಂಡು, ನನ್ನೆದುರಿಗೇ ಚುಚ್ಚಿಕೋ ಎಂದೆ. ಕುಂಟುತ್ತಾ ಪಕ್ಕದ ಏಜೆಂಟನ ಮನೆಗೆ ಹೋಗಿ, ಔಷಧದ ಸೀಸೆಯನ್ನು ಸೆರಗಿನಲ್ಲಿ ಸುತ್ತಿ ತಂದಳು. ಎರಡೂ ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉರುಳಿಸತೊಡಗಿದಳು.

"ತಡೀರಿ ಸಿಸ್ಟರಮ್ಮ, ಇನ್ನಾ ಕರಗಿಲ್ಲ," ಎಂದಳು.

ಸೀಸೆ ಕಿತ್ತುಕೊಂಡು ನೋಡಿದೆ. ಒಳಗೆ ಕಲ್ಲಿನಂಥ ಮಂಜುಗಡ್ಡೆ. ದೂರದ ಊರಿಗೆ ಹೋಗುವ ಮೊಗ್ಗಿನ ಪೆಟ್ಟಿಗೆಗೆ ಹಾಕಲು ಏಜೆಂಟನ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಐಸು ಕಟ್ಟಿಸುತ್ತಾರಂತೆ. ಏಜೆಂಟನ ಹೆಂಡತಿಯನ್ನು ಕಾಡಿ ಬೇಡಿ, ಆ ಐಸಿನ ನಡುವೆ ಔಷಧಕ್ಕೆ ಜಾಗ ಮಾಡಿಸಿಕೊಂಡಿದ್ದಳು.

"ಹೂವು ಬಾಡಬಾರ್ದಂತ ಐಸಿನಾಗ ಇಡತೀವಲ್ರಿ. ಇದೂ ಹಂಗ ಅಂತ ತಿಳಕೊಂಡೆ. ನೀವ ಅಂದಿದ್ರಿ, ಎಷ್ಟು ತಣ್ಣಗಿದ್ರ ಅಷ್ಟು ಚಲೋ ಅಂತ."

ಅಂದಿದ್ದೆ. ಇನ್ಸುಲಿನ್ ಕೊಟ್ಟ ದಿನ, ಎಲ್ಲರಿಗೂ ಹೇಳುವಂತೆ ಸೀಸೆಯನ್ನು ಒದ್ದೆ ಮರಳಿನ ಮೇಲಿಟ್ಟ ಮಡಕೆಯೊಳಗೆ ಇಡುವ ಮಾತು ಹೇಳುವಷ್ಟರಲ್ಲಿ ಸಾಲಿನಲ್ಲಿ ಯಾರೋ ತಲೆಸುತ್ತಿ ಬಿದ್ದಿದ್ದರು. ಎದ್ದು ಓಡುತ್ತಾ ಆ ಒಂದು ಮಾತು ಎಸೆದು ಹೋಗಿದ್ದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ, ಕರಗಿಸಿದರೂ ಪ್ರಯೋಜನವಿಲ್ಲ. ಅದನ್ನು ನಾನು ಹೇಳಿರಲಿಲ್ಲ. ಸೀಸೆಯ ಜೊತೆ ಬರುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಆಕೆಗೆ ಕನ್ನಡವೂ ಓದಲು ಬಾರದು. ನಾಲ್ಕು ತಿಂಗಳು, ದಿನಕ್ಕೆರಡು ಸಲ, ನಿಷ್ಠೆಯಿಂದ ನೀರು ಚುಚ್ಚಿಕೊಂಡಿದ್ದಳು. ಸಿಟ್ಟು ಮಾತ್ರ ನನಗೆ ಆಗಲೂ ಬಂತು. ಏಜೆಂಟನ ಮೇಲೆ, ಚೀಟಿ ಅಚ್ಚು ಮಾಡಿದವರ ಮೇಲೆ, ಹನ್ನೊಂದಕ್ಕೆ ಬರುವ ಡಾಕ್ಟರ ಮೇಲೆ. ಆಕೆಯ ಮೇಲೂ ತರಿಸಿಕೊಳ್ಳಲು ನೋಡಿದೆ. ಆಗಲಿಲ್ಲ.

ಹೊಸ ಸೀಸೆ ಕೊಟ್ಟೆವು, ಮಡಕೆ ಹೂಡಿಸಿದೆ. ಸಕ್ಕರೆ ಇಳಿಯಿತು. ಬೆರಳಿಗೆ ಮಾತ್ರ ಹೊತ್ತು ಮೀರಿತ್ತು. ದಾವಣಗೆರೆಯಲ್ಲಿ ತೆಗೆದರು.

ಗಾಯ ಮಾಗಿದ ಮೇಲೆ ಒಂದು ಮಂಗಳವಾರ ಬಂದಳು. ಎದುರಿಗೆ ಕೂರಿಸಿಕೊಂಡು, ತಪ್ಪು ನನ್ನದು, ನಿನ್ನದೇನೂ ಇಲ್ಲ ಎಂದೆ. ಅಷ್ಟು ಹೇಳಲು ಒಂದು ವಾರದಿಂದ ಬಾಯಿಪಾಠ ಮಾಡಿದ್ದೆ. ಆಕೆ ತಲೆಯಾಡಿಸಿ, ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

ಕೆಂಪು ಸಾಲಿನಲ್ಲಿ ಏನಿದೆಯೆಂದು ನಾನು ಬರೆದ ವಾರವೇ ಮಗಳಿಂದ ಓದಿಸಿಕೊಂಡಿದ್ದಳಂತೆ. ದಾವಣಗೆರೆಯ ದೊಡ್ಡ ಡಾಕ್ಟರೂ ಅದನ್ನೇ ಓದಿ, ಬೆರಳು ಹೋಗುವುದು ನಿನ್ನ ಬಾಯಿಚಪಲಕ್ಕೇ ಎಂದು ಬೈದಿದ್ದರಂತೆ.

"ಬೆರಳು ಹೋತು, ಹೋಗ್ಲಿ ಬಿಡ್ರಿ," ಎಂದಳು. "ಇದನ್ನ ಹೊಡದ ಹಾಕ್ರಿ."

ಸ್ಕೇಲು ಇಟ್ಟು ಅಡ್ಡಗೆರೆ ಎಳೆದೆ. ಕೆಳಗೆ ಅದೇ ಕೆಂಪು ಪೆನ್ನಿನಲ್ಲಿ ಬರೆದೆ: ಈಕೆ ಪಥ್ಯ ಮಾಡಿದ್ದಾಳೆ, ಸುಳ್ಳು ಹೇಳಿಲ್ಲ, ತಪ್ಪು ನರ್ಸಿನದು. ಸಹಿ ಹಾಕಿ ಕೊಟ್ಟೆ. ಆಕೆ ಕಾರ್ಡು ಮುಟ್ಟದೆ, ಓದಿ ಹೇಳ್ರಿ ಎಂದಳು. ಓದಿದೆ. ದನಿ ಮೇಜು ದಾಟಲಿಲ್ಲ.

ಆಕೆ ಬಾಗಿಲ ಕಡೆ ತಿರುಗಿ ನೋಡಿದಳು. ವರಾಂಡ ಎಂದಿನಂತೆ ತುಂಬಿತ್ತು.

"ಅವತ್ತು ಬೈದಿದ್ದು ಅವರಿಗೆಲ್ಲಾ ಕೇಳಿತ್ರಿ," ಎಂದಳು.

ನಾನು ಎದ್ದು, ಕಾರ್ಡು ಹಿಡಿದುಕೊಂಡು ವರಾಂಡಕ್ಕೆ ಹೋಗಿ, ಮೊದಲಿನಿಂದ ಓದಿದೆ.