ಎರಡನೆಯ ಸೌಟು

ಮದುವೆಗೆ ಮೊದಲೇ ಬೀಡಿ ಕಟ್ಟಲು ಕೂತಿದ್ದ ಪೈವಳಿಕೆಯ ಕಮಲಳಿಗೆ ತೂಕದ ಗುಟ್ಟನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಣ ಎಲೆಗೆ ನೀರು ಚಿಮುಕಿಸಿದರೆ ಕಟ್ಟು ಭಾರವಾಗುತ್ತದೆ. ಹಾಗೆಯೇ, ಆಶಾ ಕಾರ್ಯಕರ್ತೆ ಜಲಜಾಕ್ಷಿ ತೂಕ ನೋಡಲು ಬರುವ ದಿನ ಬಸುರಿ ಸೊಸೆ ತೃಷಾಳಿಗೆ ಅವಳು ಎರಡು ಚೆಂಬು ಗಂಜಿತಿಳಿ ಕುಡಿಸುತ್ತಿದ್ದಳು. ಉಳಿದ ದಿನ ಹೊತ್ತಿಗೊಂದು ಸೌಟು ಅನ್ನ, ಅಷ್ಟೇ.

ಕಮಲಳ ಚೊಚ್ಚಲ ಮಗು ದೊಡ್ಡದಿತ್ತು. ಎರಡು ದಿನ ಹೊರಬರಲಾಗದೆ ಒಳಗೇ ಜೀವ ಬಿಟ್ಟಿತ್ತು. ನೀನು ಹೊಟ್ಟೆತುಂಬ ಉಂಡದ್ದಕ್ಕೇ ಹೀಗಾಯಿತು ಎಂದು ಅವಳ ಅತ್ತೆ ಅಂದಿದ್ದರು. ಆ ಮಾತು ಮೂವತ್ತೈದು ವರ್ಷವಾದರೂ ಅವಳೊಳಗಿಂದ ಎದ್ದು ಹೋಗಿರಲಿಲ್ಲ. ತೃಷಾ ತಟ್ಟೆ ಬರಿದು ಮಾಡಿ ತಲೆ ಎತ್ತಿದಾಗ ಕಮಲಳ ಕೈ ಸೌಟಿನತ್ತ ಹೋಗುತ್ತಿತ್ತು. ಸೌಟು ಮಾತ್ರ ಮತ್ತೆ ಪಾತ್ರೆಗೆ ಇಳಿಯುತ್ತಿರಲಿಲ್ಲ.

ಎಂಟನೆಯ ತಿಂಗಳಲ್ಲಿ ಜಲಜಾಕ್ಷಿ ಹೇಳದೆ ಬಂದಳು. ತೃಷಾಳ ತೂಕದ ಕಾರ್ಡಿನಲ್ಲಿ ಕಳೆದ ತಿಂಗಳು ಐವತ್ತೆರಡೂವರೆ ಕಿಲೋ, ಇಂದು ಐವತ್ತೊಂದು. ತೂಕದ ಯಂತ್ರವನ್ನು ಸಮನೆಲಕ್ಕೆ ಸರಿಸಿ ಇನ್ನೊಮ್ಮೆ ನೋಡಿದಳು. ಐವತ್ತೊಂದೇ.

"ನಿಮ್ಮಲ್ಲಿ ಬಸುರಿಯರು ತಿಂಗಳು ಹೋದ ಹಾಗೆ ಸಪೂರ ಆಗುವುದಾ ಕಮಲಕ್ಕ?"

ಮಗು ಸರಿಯಾಗಿ ಅಲ್ಲಾಡುತ್ತದಾ ಎಂದು ಜಲಜಾಕ್ಷಿ ತೃಷಾಳನ್ನು ಕೇಳಿದಳು. ತೃಷಾ ಅತ್ತೆಯ ಕಡೆ ನೋಡಿ, ನಿನ್ನೆಯಿಂದ ಕಡಿಮೆ ಎಂದಳು.

ಜಲಜಾಕ್ಷಿ ಆಗಲೇ ಆಟೋದವನಿಗೆ ಫೋನು ಹಚ್ಚಿದ್ದಳು. ಕಮಲಳ ಮಡಿಲಿನ ಬೀಡಿ ಎಲೆಗಳು ನೆಲಕ್ಕೆ ಚೆಲ್ಲಿದವು.

"ಆ ಕಾರ್ಡಿನಲ್ಲಿದ್ದದ್ದು ಲೊಟ್ಟೆ, ಸುಳ್ಳು ತೂಕ ಜಲಜ. ತೂಕದ ದಿನ ನಾನೇ ಗಂಜಿತಿಳಿ ಕುಡಿಸಿದ್ದು. ಅನ್ನ ಕಮ್ಮಿ ಬಡಿಸಿದ್ದೂ ನಾನೇ. ಮಗು ಸಣ್ಣದಿದ್ದರೆ ಸಲೀಸಾಗಿ ಬರ್ತದೆ ಅಂತ..."

"ಅನ್ನ ಕಮ್ಮಿ ಮಾಡಿದರೆ ಮಗು ಸೊರಗುವುದು ಕಮಲಕ್ಕ. ಹೆರಿಗೆಯ ದಾರಿ ಎಂತ ಅಗಲ ಆಗ್ತದಾ?"

ಆಟೋದಲ್ಲಿ ಮೂವರೂ ಕುಂಬಳೆಗೆ ಹೋದರು. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿದಾಗಲೇ ಕಮಲ ಗೋಡೆಗೊರಗಿದ್ದು. ಮಗು ಇರಬೇಕಾದ್ದಕ್ಕಿಂತ ಸಣ್ಣದಿದೆ, ಚೆನ್ನಾಗಿ ಉಣ್ಣಲಿ, ವಾರವಾರವೂ ಬನ್ನಿ, ಅಲ್ಲಾಟ ಕಡಿಮೆಯೆನಿಸಿದರೆ ಕೂಡಲೇ ಬನ್ನಿ ಎಂದರು ಡಾಕ್ಟರು.

"ಹೆರುವಾಗ ಸಿಕ್ಕಿಕೊಂಡರೆ? ನನ್ನದು ಎರಡು ದಿನ..." ಕಮಲ ಕೇಳಿದ್ದು ಅದೊಂದೇ.

ಸಿಕ್ಕಿಕೊಂಡರೆ ಆಪರೇಷನ್ ಮಾಡಿ ತೆಗೆಯುತ್ತೇವೆ, ಎರಡು ದಿನ ಯಾರೂ ಕಾಯುವುದಿಲ್ಲ ಎಂದು ಉತ್ತರ ಬಂತು.

ಮನೆಗೆ ಮರಳಿ ಕಮಲ ಸೊಸೆಗೆ ಬಡಿಸಿದಳು. ಒಂದು ಸೌಟು. ಕೈ ತಡೆಯಿತು. ಎರಡನೆಯದನ್ನು ಸುರಿಯುವಾಗ ಅರ್ಧದಷ್ಟು ತಟ್ಟೆಯ ಹೊರಗೆ ಬಿತ್ತು, ಮತ್ತೆ ತುಂಬಿದಳು. ತೃಷಾ ಉಣ್ಣುವಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ತಟ್ಟೆಯನ್ನಲ್ಲ, ಸೆರಗಿನಡಿಯ ಆ ಹೊಟ್ಟೆಯನ್ನು. ಅದು ಒಮ್ಮೆ ಅಲುಗಲಿ ಎಂದು.