ಡೈರಿಯ ಕಿಟಕಿಯಲ್ಲಿ ಡಿಸೆಂಬರ್ ಹಾಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೆಂಗಿನ ತೋಟದ ಮೇಲೆ ಮಂಜು ಕೂತಿದೆ, ಕಣದ ಕಡೆಯಿಂದ ರಾಗಿಹುಲ್ಲಿನ ವಾಸನೆ ಬರುತ್ತಿದೆ. ಸಿಂಗಟಗೆರೆ ದಾಟಿ ಒಳಕ್ಕೆ ತಿರುಗುವ ರಸ್ತೆಯ ಈ ಸಣ್ಣ ಊರಿನಲ್ಲಿ ಹಾಲಿನ ಡೈರಿಯ ಷಟರ್ ಮೇಲೇಳುತ್ತದೆ. ತಲೆಗೆ ಮಫ್ಲರ್ ಸುತ್ತಿ, ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟ ವನಜಾಕ್ಷಿ ಒಳಹೋಗಿ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ. ತೂಕದ ಯಂತ್ರ ಒರೆಸಿ, ಕಿಟಕಿಯಲ್ಲಿಟ್ಟ ಪುಟ್ಟ ಸ್ಪೀಕರ್‌ಗೆ ಫೋನ್ ಜೋಡಿಸುತ್ತಾರೆ. ಪಿಯಾನೊ ಮೆಲ್ಲಗೆ ಶುರುವಾಗುತ್ತದೆ. ದಪ್ಪ ದನಿಯ ಗಂಡಸೊಬ್ಬ ಅವಸರವಿಲ್ಲದೆ ಇಂಗ್ಲಿಷಿನಲ್ಲಿ ಹಾಡತೊಡಗುತ್ತಾನೆ.

ಹೊರಗೆ ಸಾಲಿನಲ್ಲಿ ನಿಂತವರಿಗೆ ಇದೇನೂ ಹೊಸದಲ್ಲ. ದ್ಯಾವಮ್ಮ ಎಂಬ ಮುದುಕಿ ಹಾಲಿನ ಕ್ಯಾನ್ ಮುಂದಿಡುತ್ತಾ, "ಇದು ಬ್ಯಾಡ ಕಣೇ ವನಜಾ, ನಿದ್ದೆ ಬತ್ತದೆ. ಆ ಮಕ್ಳು ಹಾಡೋದು ಹಾಕು" ಎನ್ನುತ್ತಾರೆ.

"ಅದು ಬಿಸ್ಲು ಬಂದ್ಮೇಲೆ ಕಣಜ್ಜಿ. ಮಂಜಿಗೆ ಇದೇ ಸರಿ" ಎಂದು ವನಜಾಕ್ಷಿ ಕ್ಯಾನಿನಿಂದ ಸ್ಯಾಂಪಲ್ ತೆಗೆಯುತ್ತಾರೆ.

ಹತ್ತು ವರ್ಷಕ್ಕೂ ಮೇಲಾಯಿತು, ಅವರು ಇಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದಾರೆ. ನೂರಕ್ಕೂ ಹೆಚ್ಚು ಮನೆಗಳ ಹಾಲು ಎರಡು ಹೊತ್ತೂ ಅವರ ಕೈ ದಾಟಿಯೇ ಲಾರಿ ಹತ್ತಬೇಕು. ಹಬ್ಬಕ್ಕೂ ಬಿಡುವಿಲ್ಲ. ಹುಳಿ ಹಾಲನ್ನು ವಾಪಸ್ ಕಳಿಸಿದ ದಿನ ಬೈಗುಳ ತಿನ್ನುವವರೂ ಅವರೇ. "ಬುಕ್ಕಾಂಬುಧಿ ನನ್ ತವರು. ಹೋದ್ರೂ ಸಂಜೆ ಹಾಲಿಗೆ ಬಂದ್ಬಿಡ್ತೀನಿ. ಕೆರೆ ಏರಿ ಮೇಲೆ ಒಂದ್ ಗಳಿಗೆ ಕೂತು ಎಷ್ಟ್ ಕಾಲ ಆಯ್ತೋ" ಎಂದು ಹೊರಗಿನಿಂದ ಬಂದ ನನಗೆ ಹೇಳುತ್ತಾರೆ.

ಉಳಿದ ಹನ್ನೊಂದು ತಿಂಗಳು ಈ ಸ್ಪೀಕರ್‌ನಲ್ಲಿ ದೇವರ ಹಾಡು, ಜಾನಪದ. ಡಿಸೆಂಬರ್ ಬಂತೆಂದರೆ ಇಂಗ್ಲಿಷ್. ಈ ಹಾಡುಗಳು ಬರುವುದು ಸಮುದ್ರದಿಂದ.

ವನಜಾಕ್ಷಿಯ ಗಂಡ ಓಂಕಾರೇಶ್ ಸರಕು ಹಡಗಿನಲ್ಲಿ ಅಡುಗೆಯವರು. ಮೊದಲು ಕಡೂರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಅಲ್ಲಿಂದ ಮಂಗಳೂರಿಗೆ ಹೋದರು, ಮಂಗಳೂರಿನಲ್ಲಿ ಪರಿಚಯವಾದವರೊಬ್ಬರ ಕೈಹಿಡಿದು ಹಡಗು ಹತ್ತಿದರು. ಹಡಗಿನಲ್ಲಿ ಅರ್ಧಕ್ಕರ್ಧ ಜನ ಫಿಲಿಪೀನ್ಸ್ ದೇಶದವರು. ಡಿಸೆಂಬರ್ ಹತ್ತಿರವಾದಂತೆ ಅವರು ಊಟದ ಕೋಣೆಗೆ ಬಣ್ಣದ ದೀಪ ಕಟ್ಟಿ, ಕೆಲಸ ಮುಗಿಸಿ ಬಂದು ಇಂಗ್ಲಿಷ್ ಹಾಡು ಹಾಡುತ್ತಾರೆ. ಪಾತ್ರೆ ಬಡಿಯುತ್ತಾ ಓಂಕಾರೇಶರೂ ಕಲಿತರು. ಬಂದರಿನಲ್ಲಿ ನೆಟ್‌ವರ್ಕ್ ಸಿಕ್ಕಾಗ ಹೆಂಡತಿಗೆ ಆ ಹಾಡುಗಳನ್ನು ಕಳಿಸತೊಡಗಿದರು. ಒಂದೊಂದರ ಜೊತೆ ಒಂದು ಮಾತು: 'ಇದನ್ನ ಚಳೀಲಿ ಕೇಳು', 'ಇದನ್ನ ಒಬ್ಳೇ ಕೇಳು'.

ಹೆಸರುಗಳು ವನಜಾಕ್ಷಿಯ ಬಾಯಲ್ಲಿ ನಿಲ್ಲಲಿಲ್ಲ. ಅದಕ್ಕೆ ತಾವೇ ಹೆಸರಿಟ್ಟರು. ಪಿಯಾನೊ ಇರುವುದು ಮಂಜಿನ ಹಾಡು. ಮಕ್ಕಳ ಗುಂಪು ಹಾಡುವುದು ಗಂಟೆ ಹಾಡು, ಯಾಕೆಂದರೆ ಅದರಲ್ಲಿ ಹಿಂದೆ ಗಂಟೆ ಕೇಳುತ್ತದೆ. ಹೆಂಗಸೊಬ್ಬಳು ಗಿಟಾರ್ ಹಿಡಿದು ಹಾಡುವುದು ದಾರಿ ಹಾಡು. ಡಿಸೆಂಬರ್‌ನಲ್ಲಿ ಯಾವುದನ್ನು ಕೇಳಬೇಕು ಎಂದು ಕೇಳಿದರೆ ಅವರ ಬಳಿ ಉತ್ತರವಿದೆ. "ಎದ್ದ ತಕ್ಷಣ ಮಂಜಿನ ಹಾಡು ಕೇಳ್ಬೇಕು. ಮೈ ಬೆಚ್ಚಗಾದ್ಮೇಲೆ ಗಂಟೆ ಹಾಡು. ದಾರಿ ಹಾಡು ಮಾತ್ರ ಎಲ್ರೂ ಹೋದ್ಮೇಲೆ ಕಣ್ರೀ. ಅದನ್ನ ಜನದ ಮಧ್ಯ ಕೇಳಾಕಾಗಲ್ಲ."

ಮೊದಲ ವರ್ಷ ಊರು ಸುಮ್ಮನಿರಲಿಲ್ಲ. ಹತ್ತು ಎಮ್ಮೆ ಸಾಕಿರುವ ಹನುಮಂತಪ್ಪ ಎಂಬ ಹಿರಿಯರು ಎಲ್ಲರೆದುರೇ ಜಗಳಕ್ಕೆ ನಿಂತಿದ್ದರು. "ಧನುರ್ಮಾಸದಾಗೆ ಬೆಳಗಾಗೆದ್ದು ಇದೇನ್ ಗೋಳು ನಿಂದು? ಎಮ್ಮೆನೂ ಹಾಲು ಇಳ್ಸಲ್ಲ!" ಆ ದಿನ ವನಜಾಕ್ಷಿ ಸದ್ದು ತಗ್ಗಿಸಿದರೇ ಹೊರತು ಹಾಡು ನಿಲ್ಲಿಸಲಿಲ್ಲ.

ನಿಂತದ್ದು ಎರಡು ವರ್ಷದ ಹಿಂದೆ. ಆ ಡಿಸೆಂಬರ್‌ನಲ್ಲಿ ಓಂಕಾರೇಶರ ಹಡಗು ಬಿರುಗಾಳಿಗೆ ಸಿಕ್ಕಿತು. ಫೋನ್ ಬರಲಿಲ್ಲ. ಮುಂಬೈನ ಆಫೀಸಿಗೆ ಫೋನ್ ಮಾಡಿದರೆ, ಹಡಗಿನ ಸಂಪರ್ಕ ತಪ್ಪಿದೆ, ಹುಡುಕುತ್ತಿದ್ದೇವೆ ಎಂದರು. ಮರುದಿನವೂ ಅದೇ ಮಾತು. ವನಜಾಕ್ಷಿ ಹಾಲು ಅಳೆಯಲು ಬಂದರು, ಆದರೆ ಸ್ಪೀಕರ್ ಮುಟ್ಟಲಿಲ್ಲ.

ಮೂರನೆಯ ಬೆಳಿಗ್ಗೆ ಹನುಮಂತಪ್ಪ ಹಾಲು ಹಾಕಿದ ಮೇಲೂ ಕಿಟಕಿ ಬಿಟ್ಟು ಕದಲಲಿಲ್ಲ.

"ಯಾಕವ್ವಾ, ಹಾಡಿಲ್ಲ?"

"ಮನ್ಸಿಲ್ಲ ಮಾವ."

"ಹಾಕವ್ವ. ನಾವು ಹಾಡು ನಿಲ್ಸಿದ್ರೆ ಅವನ್ನ ಕಳ್ಕೊಂಡಂಗೆ ಆಗ್ತದೆ. ಎಲ್ಲಿದ್ರೂ ಅವ್ನು ಬದುಕವ್ನೆ ಕಣವ್ವ. ಆ ಮಂಜಿಂದು ಅಂತೀಯಲ್ಲ, ಅದನ್ನೇ ಹಾಕು."

ವನಜಾಕ್ಷಿ ಹಾಕಿದರು. ಹಾಡು ಮುಗಿಯುವವರೆಗೂ ಯಾರೂ ಮುಂದೆ ಬಂದು ಹಾಲು ಹಾಕಲಿಲ್ಲ. ಲಾರಿ ಬಂದು ಹಾರ್ನ್ ಹೊಡೆದರೂ ಹನುಮಂತಪ್ಪ ಕೈ ಎತ್ತಿ ಡ್ರೈವರ್‌ನನ್ನು ತಡೆದರು. ಅಂದಿನಿಂದ ದಿನವೂ ಅದೇ ಹಾಡು. ವಾರ ಕಳೆದ ಮೇಲೆ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಡಗಿನ ಆಂಟೆನಾಗಳೆಲ್ಲ ಮುರಿದು, ಎಂಜಿನ್ ಕೆಟ್ಟು, ಹೇಗೋ ತೆವಳಿಕೊಂಡು ಯಾವುದೋ ದೇಶದ ದಡ ಮುಟ್ಟಿದ್ದರು. "ಏನಂದ್ರು ಅಂತೀರಾ? 'ಊಟ ಆಯ್ತಾ?' ಅಂದ್ರು. ದ್ಯಾವಜ್ಜಿ ನನ್ ಕೈಯಿಂದ ಫೋನ್ ಕಿತ್ಕಂಡು, 'ಇನ್ನೂ ಇಲ್ಲ ಕಣಪ್ಪ, ನಿನ್ ಹೆಂಡ್ತಿ ವಾರದಿಂದ ಉಂಡಿಲ್ಲ' ಅಂದ್ಬಿಟ್ರು." ಹೇಳುತ್ತಾ ವನಜಾಕ್ಷಿ ನಗುತ್ತಾರೆ, ಸ್ವೆಟರ್ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಓಂಕಾರೇಶ್ ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಆದರೆ ಹಡಗು ಹತ್ತಿದ ಮೇಲೆ ಒಂದು ಡಿಸೆಂಬರ್‌ನಲ್ಲೂ ಮನೆಯಲ್ಲಿದ್ದವರಲ್ಲ. ಕ್ರಿಸ್‌ಮಸ್‌ಗೆ ಮನೆ ಸೇರಲು ಒದ್ದಾಡುವ ಜೊತೆಯವರಿಗೆ ಆ ತಿಂಗಳು ಬಿಟ್ಟುಕೊಡುವುದು ಅವರ ರೂಢಿ. ಈ ವರ್ಷ ಮಾತ್ರ ಬರುವುದೆಂದು ನಿಶ್ಚಯವಾಗಿತ್ತು. ವನಜಾಕ್ಷಿ ಮನೆಗೆ ಸುಣ್ಣ ಹೊಡೆಸಿದ್ದರು. ಗಂಡನಿಗೆಂದು ಹೊಲದ ಅವರೇಕಾಯಿ ಸಾಲಿನ ಮೇಲೆ ಕಣ್ಣಿಟ್ಟಿದ್ದರು.

ನವೆಂಬರ್ ಕೊನೆಯಲ್ಲಿ ಫೋನ್ ಬಂತು. ಅಡುಗೆಮನೆಯಲ್ಲಿ ಇಬ್ಬರೇ, ಓಂಕಾರೇಶ್ ಮತ್ತು ಫಿಲಿಪೀನ್ಸಿನ ಒಬ್ಬ ಹುಡುಗ. ಬದಲಿಗೆ ಬರುವವನು ಒಬ್ಬನೇ. ಇಬ್ಬರಲ್ಲಿ ಒಬ್ಬರಷ್ಟೇ ಇಳಿಯಬಹುದು. ಆ ಹುಡುಗನಿಗೆ ಮಗಳು ಹುಟ್ಟಿದ್ದಾಳೆ, ಇನ್ನೂ ಮುಖ ನೋಡಿಲ್ಲ. ಸರದಿ ಮಾತ್ರ ಓಂಕಾರೇಶರದು.

"'ಏನ್ ಮಾಡ್ಲಿ, ನೀನೇ ಹೇಳು' ಅಂದ್ರು. ಬನ್ನಿ ಅಂದಿದ್ರೆ ಬಂದ್ಬಿಡೋರು. ಬಾಯಿಗೂ ಬಂದಿತ್ತು. ಆಮೇಲೆ ಆ ಬಾಣಂತಿ ನೆಪ್ಪಾಯ್ತು. ಅವ್ಳೂ ನನ್ನಂಗೇ ಫೋನ್ ಹಿಡ್ಕಂಡು ಕೂತಿರ್ತಾಳಲ್ವ? 'ಅವ್ನನ್ನ ಕಳ್ಸಿ, ನೀವು ಸಂಕ್ರಾಂತಿ ಆದ್ಮೇಲೆ ಬನ್ನಿ' ಅಂದೆ. ಫೋನ್ ಇಟ್ಮೇಲೆ ಇಲ್ಲೇ ಕ್ಯಾನ್‌ಗಳ ಹಿಂದೆ ಕೂತು ಅತ್ತೆ. ನನ್ ಮೇಲೇ ಸಿಟ್ಟು ಬಂತು. ಆದ್ರೂ ತಪ್ಪು ಅನ್ನಿಸಿಲ್ಲ."

ಲಾರಿ ಹೋಗಿದೆ. ಸಾಲು ಕರಗಿದೆ. ಬಿಸಿನೀರಿನಲ್ಲಿ ಪಾತ್ರೆ ತೊಳೆಯುತ್ತಾ ವನಜಾಕ್ಷಿ ದಾರಿ ಹಾಡು ಹಾಕುತ್ತಾರೆ. ಗಿಟಾರ್ ಜೊತೆ ಹೆಂಗಸಿನ ದನಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಅದರ ಅರ್ಥ ಹೇಳಲೇ ಎಂದು ಕೇಳುತ್ತೇನೆ.

ಅವರು ಒದ್ದೆ ಕೈಯೆತ್ತಿ ತಡೆಯುತ್ತಾರೆ.

"ಬ್ಯಾಡಿ ಕಣ್ರೀ. ಪಿಯುಸಿ ಓದಿದೀನಿ, ಕೂತು ಕೇಳಿದ್ರೆ ನಂಗೂ ಒಂದಿಷ್ಟು ತಿಳೀತದೆ. ಬೇಕಂತ್ಲೇ ಬಿಟ್ಟಿದೀನಿ. ಯಾವ್ದಾದ್ರೂ ಒಂದ್ ಡಿಸೆಂಬರ್‌ನಾಗೆ ಅವ್ರು ಬಂದು, ಆ ಜಗ್ಲಿ ಮೇಲೆ ಕೂತು, ಒಂದೊಂದೇ ಸಾಲು ಬಿಡಿಸಿ ಹೇಳ್ಬೇಕು. ಅಲ್ಲೀಗಂಟ ಗೊತ್ತಾಗ್ದಂಗೇ ಇರ್ಲಿ."